ಎರಡನೇ ಕತ್ತರಿ

ಅಂಗಡಿಗೆ ಬರುವವರೆಲ್ಲ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಎಂಥ ಹಟಮಾರಿ ಕೂದಲೂ ಅವನ ಕತ್ತರಿಯ ಮಾತು ಕೇಳುತ್ತಿತ್ತು. ಎರಡು ಸುಳಿಯ ತಲೆ, ಹೊಲಿಗೆ ಬಿದ್ದ ತಲೆ, ನಾಳೆ ಹೆಣ್ಣು ನೋಡಲು ಹೋಗಬೇಕು ಎಂದು ಇವತ್ತು ಓಡಿ ಬಂದ ಅರೆಬೋಳು ತಲೆ, ಎಲ್ಲವೂ ಆ ಕುರ್ಚಿಯಿಂದ ಏಳುವಾಗ ಒಂದಿಷ್ಟು ಮರ್ಯಾದೆ ಹೊತ್ತುಕೊಂಡೇ ಏಳುತ್ತಿದ್ದವು. ಅವನಿಗೆ ಬಾರದಿದ್ದದ್ದು ಒಂದೇ, ಜಡೆ ಹೆಣೆಯುವುದು. ಮೂರು ಎಳೆ ಕೈಗೆ ಕೊಟ್ಟರೆ ನಾಲ್ಕನೆಯದು ಎಲ್ಲಿಂದ ಬಂತು ಎಂದು ಹುಡುಕುವ ಪೈಕಿ.

ಅದರ ಅಗತ್ಯವೂ ಬಿದ್ದಿರಲಿಲ್ಲ. ಹೆಂಡತಿ ರೆಡಿಮೇಡ್ ಕಾರ್ಖಾನೆಯಲ್ಲಿ ಶರ್ಟಿಗೆ ಕಾಲರ್ ಹೊಲಿಯುವವಳು. ಬೆಳಕು ಹರಿಯುವ ಮುಂಚೆ ಕಂಪನಿ ಬಸ್ಸು ಹಿಡಿಯುತ್ತಿದ್ದರೂ, ನಿದ್ದೆಗಣ್ಣಿನ ಮಗಳನ್ನು ತೊಡೆಯ ನಡುವೆ ಕೂರಿಸಿಕೊಂಡು ಜಡೆ ಹಾಕಿಯೇ ಹೋಗುತ್ತಿದ್ದಳು. ಮಗಳ ಕೂದಲು ಸೊಂಟ ದಾಟಿತ್ತು. ಕೂದಲಿಗಿಂತ ಉದ್ದ ಅವಳ ನಾಲಿಗೆ ಎಂದು ಬೀದಿಯವರೆಲ್ಲ ಮಾತಿನಮಲ್ಲಿ ಎಂದು ಕರೆದು ಕರೆದು, ಕೊನೆಗೆ ಬರೀ ಮಲ್ಲಿ ಎಂದೇ ಉಳಿದಿತ್ತು.

ಆ ದಿನ ಮಾತ್ರ ಹೆಂಡತಿಗೆ ಎಚ್ಚರವಾಗಲಿಲ್ಲ. ಬಸ್ಸಿನ ಹಾರ್ನ್ ಕೇಳಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. "ರೀ, ಮಗೂಗೆ ಏನಾದ್ರೂ ಮಾಡಿ ಕೂದಲು ಕಟ್ಟಿ ಕಳಿಸಿ" ಎಂದು ಮೆಟ್ಟಿಲಿಂದಲೇ ಕೂಗಿದಳು. ಅವನು ಹಾಲಿನ ಪೊಟ್ಟಣಕ್ಕೆ ಹಾಕಿದ್ದ ರಬ್ಬರ್ ಬ್ಯಾಂಡ್ ತೆಗೆದು ಕುದುರೆ ಬಾಲದ ಹಾಗೆ ಕಟ್ಟಿ ಕಳಿಸಿದ. "ಅಪ್ಪ, ಇದು ಡ್ರಿಲ್ಲಲ್ಲಿ ನಿಲ್ಲಲ್ಲ" ಎಂದಳು ಮಲ್ಲಿ. "ನೀನು ನಿಂತರೆ ಅದೂ ನಿಲ್ಲುತ್ತೆ, ನಡಿ" ಎಂದ.

ನಿಲ್ಲಲಿಲ್ಲ.

ಶಾಲೆ ಬಿಟ್ಟ ಮೇಲೆ ಅವಳು ಮನೆಗೆ ಹೋಗದೆ ನೇರ ಅಂಗಡಿಗೆ ಬಂದಳು. ಕುರ್ಚಿಯಲ್ಲಿ ಒಬ್ಬ ನೊರೆ ಹಚ್ಚಿಸಿಕೊಂಡು ಕೂತಿದ್ದ, ಬೆಂಚಿನ ಮೇಲೆ ಇನ್ನಿಬ್ಬರು. ಕನ್ನಡಿಯಲ್ಲಿ ಮೊದಲು ಕಂಡದ್ದು ಅವಳ ಸ್ಕೂಲ್ ಬ್ಯಾಗು, ಆಮೇಲೆ ತಲೆ. ಒಂದು ಕಡೆ ಕೂದಲು ಭುಜದವರೆಗೆ ಇತ್ತು, ಇನ್ನೊಂದು ಕಡೆ ಕಿವಿಯ ಮೇಲೆ ಮೊಟಕಾಗಿ, ಇಲಿ ಕಚ್ಚಿದ ಪೊರಕೆಯ ಹಾಗೆ. ಹಿಂದೆ ಒಂದೇ ಒಂದು ಉದ್ದನೆಯ ಎಳೆ ಕತ್ತರಿಗೆ ಸಿಗದೆ ಉಳಿದು ಬೆನ್ನ ಮೇಲೆ ನೇತಾಡುತ್ತಿತ್ತು.

"ಏನಾಯ್ತೇ?"

"ಪಿಟಿ ಮಿಸ್ಸು. ಆಟದ ಸಾಮಾನಿನ ರೂಮಿಗೆ ಕರ್ಕೊಂಡು ಹೋಗಿ..." ಎಂದವಳು ಬೆಂಚಿನಲ್ಲಿ ಕೂತವರನ್ನು ನೋಡಿ ನಿಲ್ಲಿಸಿದಳು.

ಬೆಂಚಿನ ಮೇಲಿದ್ದವರಲ್ಲಿ ಒಬ್ಬ ಸೋಡಾ ಅಂಗಡಿಯವನು. ಬಾಯಿಗೆ ಮುಚ್ಚಳ ಇಲ್ಲದ ಆಸಾಮಿ. "ಏನ್ ಮಾಸ್ಟರ್, ಮಗಳನ್ನ ಬೇರೆ ಅಂಗಡಿಗೆ ಕಳಿಸಿಬಿಟ್ರಾ?" ಎಂದ. ನೊರೆಯೊಳಗಿದ್ದವನೂ ನಕ್ಕ. ಇನ್ನೊಬ್ಬ ತೊಡೆ ತಟ್ಟಿಕೊಂಡು ನಕ್ಕ. ಕೆಟ್ಟ ಜನರೇನಲ್ಲ ಅವರು. ಆದರೆ ಆ ನಗು ಕಿವಿಗೆ ಬಿದ್ದದ್ದೇ ಮಾಸ್ಟರಿನ ಮೈ ಉರಿದುಹೋಯಿತು. ಯಾರ ಮೇಲೆ ಉರಿ ಎಂದು ಆಗ ಅವನು ಕೇಳಿಕೊಳ್ಳಲಿಲ್ಲ. ಈ ಮಗು ಹೀಗೇ ಇಡೀ ಬೀದಿಯಲ್ಲಿ ನಡೆದು ಬಂದಿದೆ, ಎಲ್ಲರೂ ನೋಡಿದ್ದಾರೆ, ಕತ್ತರಿ ಹಿಡಿದು ಬದುಕುವವನ ಮಗಳು ಎಂದು ಆಡಿಕೊಂಡಿದ್ದಾರೆ, ಅವನ ತಲೆಗೆ ಬಂದದ್ದು ಇಷ್ಟೇ. ನೊರೆಯವನ ಕೆಲಸ ಚಕಚಕನೆ ಮುಗಿಸಿ ಎಬ್ಬಿಸಿದ. ಮಕ್ಕಳನ್ನು ಕೂರಿಸುವ ಹಲಗೆಯನ್ನು ಕುರ್ಚಿಯ ಕೈಗಳ ಮೇಲೆ ಅಡ್ಡ ಇಟ್ಟು, ಮಲ್ಲಿಯನ್ನು ಎತ್ತಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿದ.

"ಬೇಡ ಅಪ್ಪ. ಅಮ್ಮ ನೋಡ್ಲಿ."

"ಸುಮ್ನೆ ಕೂತ್ಕೋ."

"ಅಮ್ಮ ಬರ್ಲಿ ಅಪ್ಪ, ಬೇಡ..."

"ಅಲ್ಲಾಡಬೇಡ, ಕಿವಿಗೆ ತಾಗುತ್ತೆ."

ಅವಳು ಅಲ್ಲಾಡಲಿಲ್ಲ. ಬಟ್ಟೆಯ ಒಳಗೆ ಎರಡು ಮುಷ್ಟಿ ಬಿಗಿಯಾಗಿದ್ದು ಮಾತ್ರ ಮೇಲಿಂದ ಕಾಣುತ್ತಿತ್ತು. ಅವನು ಉಳಿದಿದ್ದ ಕಡೆಯನ್ನೂ ಕಿವಿಯ ಮಟ್ಟಕ್ಕೆ ಇಳಿಸಿದ, ಹಿಂದೆ ಸಣ್ಣದಾಗಿ ಏರಿಸಿದ, ಹಣೆಯ ಮೇಲೆ ಒಂದಿಷ್ಟು ಬಿಟ್ಟ. ಆ ಒಂಟಿ ಎಳೆಯೂ ಹೋಯಿತು. ಕೆಲಸ ಮುಗಿದಾಗ ಸೋಡಾ ಅಂಗಡಿಯವನೇ "ಅಬ್ಬಾ, ಬೊಂಬೆ ಥರ ಮಾಡಿಬಿಟ್ರಲ್ಲ ಮಾಸ್ಟರ್!" ಎಂದ. ಮಾಸ್ಟರ್ ಕೈಗನ್ನಡಿ ಹಿಡಿದು ಮಗಳಿಗೆ ಹಿಂದಲೆ ತೋರಿಸಿದ. ಗಿರಾಕಿಗಳಿಗೆಲ್ಲ ತೋರಿಸುವಂತೆ. ಅವಳು ಕನ್ನಡಿ ನೋಡಲಿಲ್ಲ, ಅವನನ್ನು ನೋಡಿದಳು. ನೆಲದ ಮೇಲಿದ್ದ ಅವಳ ಕೂದಲು ಮಿಕ್ಕವರ ಕೂದಲಿನ ಜೊತೆ ಸೇರಿ ಬುಟ್ಟಿಗೆ ಹೋಯಿತು.

ಸಂಜೆ ಹೆಂಡತಿ ಬಂದವಳು ಬಾಗಿಲಲ್ಲೇ ನಿಂತಳು. ವಿಷಯವೆಲ್ಲ ಕೇಳಿದ ಮೇಲೆ ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು.

"ಆ ಹೆಂಗಸು ಮಾಡಿದ್ದು ಎಲ್ಲಿ ಇದರಲ್ಲಿ?"

"ಸರಿ ಮಾಡಿದೆ ಕಣೇ. ಹಾಗೇ ಬಿಡೋಕಾಗುತ್ತಾ? ಅಸಹ್ಯವಾಗಿತ್ತು."

"ಅಸಹ್ಯ ಮಾಡಿದವರಿಗೆ ಅದನ್ನ ತೋರಿಸ್ಬೇಕಿತ್ತು ರೀ! ಈಗ ಏನು ತೋರಿಸ್ಲಿ? ನಿಮ್ಮ ಕೈಚಳಕಾನಾ?"

ಮಾರನೆಯ ದಿನ ರಜೆ ಹಾಕಿ ಅವಳು ಶಾಲೆಗೆ ಹೋದಳು. ಸರ್ಕಾರಿ ಶಾಲೆ, ಹಳದಿ ಬಣ್ಣದ ಉದ್ದನೆಯ ಕಟ್ಟಡ. ಪಿಟಿ ಮಿಸ್ ರಜೆಯಲ್ಲಿದ್ದರು. ಹೆಡ್‌ಮೇಷ್ಟ್ರು "ಅವರು ನಮ್ಮ ಸ್ಟಾಫ್ ಅಲ್ಲಮ್ಮ, ಏಜೆನ್ಸಿಯವರು ಕಳಿಸಿರೋದು" ಎಂದರು. ಏಜೆನ್ಸಿಗೆ ಹೋದರೆ, "ನಾವು ಜನ ಕಳಿಸ್ತೀವಿ ಅಷ್ಟೆ, ಕೆಲಸ ಮಾಡಿಸ್ಕೊಳ್ಳೋರು ಶಾಲೆಯವರು" ಎಂದರು. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ "ಶಾಲೆ ಮೂಲಕ ಬನ್ನಿ" ಎಂದರು. ಆವತ್ತು ಮಲ್ಲಿಯ ಜೊತೆ ಆಟದ ಸಾಮಾನಿನ ಕೋಣೆಯಲ್ಲಿದ್ದ ಇನ್ನೊಂದು ಹುಡುಗಿಯ ಮನೆಯವರು ಬಾಗಿಲನ್ನೇ ತೆರೆಯಲಿಲ್ಲ. ಬೆಂಚಿನವರನ್ನು ಸಾಕ್ಷಿಗೆ ಕರೆದರೆ, ಮೊದಲು ಗೇಲಿ ಮಾಡಿದ್ದ ಸೋಡಾ ಅಂಗಡಿಯವನೇ "ನಾನು ಆವತ್ತು ಪೇಪರ್ ಓದ್ತಿದ್ದೆ ಮಾಸ್ಟರ್, ಸರಿಯಾಗಿ ನೋಡ್ಲಿಲ್ಲ" ಎಂದ. ಅವನ ಭಾವಮೈದುನ ಇಲಾಖೆಯಲ್ಲಿ ಜವಾನ.

ಒಂದು ಮಧ್ಯಾಹ್ನ, ಅಂಗಡಿ ಖಾಲಿ ಇದ್ದಾಗ, ಹೆಡ್‌ಮೇಷ್ಟ್ರೇ ಬಂದರು. ಹಳೇ ಗಿರಾಕಿ. ಮೀಸೆಗೆ ಬಣ್ಣ, ಕಿವಿಯ ಕೂದಲು, ಕುತ್ತಿಗೆಯ ಹಿಂದೆ ಕತ್ತಿ, ಇಷ್ಟು ಅವರ ಲೆಕ್ಕ. ಬಟ್ಟೆ ಹೊದ್ದು, ಕನ್ನಡಿಯೊಳಗಿನ ಮಾಸ್ಟರಿನ ಜೊತೆ ಮಾತಿಗೆ ಶುರು ಮಾಡಿದರು.

"ನಾನು ಮೇಷ್ಟ್ರು, ನೀವು ಮಾಸ್ಟರ್. ನಮ್ಮ ನಮ್ಮಲ್ಲಿ ಯಾಕೆ ಇದೆಲ್ಲ?"

"ನನ್ನ ಹೆಂಡತಿಗೆ ಸಂಕಟ ಆಗಿದೆ ಸಾರ್."

"ಆಗ್ದೇ ಇರುತ್ತಾ? ನನಗೂ ಆಯ್ತು. ಆದ್ರೆ ಒಂದು ಮಾತು ಹೇಳ್ತೀನಿ. ಮೊನ್ನೆ ಪ್ರಾರ್ಥನೆ ಹೊತ್ತಲ್ಲಿ ಮಗೂನ ನೋಡಿದೆ. ಎಷ್ಟು ಚೆನ್ನಾಗಿ ಕೂರಿಸಿದೀರಿ ಆ ಕಟಿಂಗು! ಹಾಳಾಗಿತ್ತು ಅಂತ ಯಾರಾದ್ರೂ ಹೇಳಬಹುದಾ?"

ಅವನ ಕೈ ಮೀಸೆಯ ಮೇಲೆ ಬ್ರಷ್ ಆಡಿಸುತ್ತಿತ್ತು. "ಇಲ್ಲ ಸಾರ್, ಗೊತ್ತಾಗಲ್ಲ" ಎಂದ. ಎಂದದ್ದು ಮಾತ್ರವಲ್ಲ, ಆ ಒಂದು ಗಳಿಗೆ ಎದೆಯೊಳಗೆ ಎಲ್ಲೋ ಖುಷಿಯೂ ಆಯಿತು. ಹೊಗಳಿಕೆ ಕೇಳಿದ ಕೂಡಲೇ ಬಾಲ ಆಡಿಸುವ ಆ ಖುಷಿಯನ್ನು ಅವನು ಆಮೇಲೆ ಎಷ್ಟು ಸಲ ನೆನೆದು ನಾಚಿಕೆಯಿಂದ ಮುದುಡಿದನೋ. ಹೆಡ್‌ಮೇಷ್ಟ್ರು "ಹಾಗಾದ್ರೆ ಬಿಟ್ಟುಬಿಡಿ ಇನ್ನ, ಕೂದಲು ತಾನೇ, ಬೆಳೆಯುತ್ತೆ" ಎನ್ನುತ್ತ ಎದ್ದು ಹೋದರು.

ಹೆಂಡತಿ ಬಿಡಲಿಲ್ಲ. ಅವಳ ಪಕ್ಕದ ಮಷಿನ್ನಿನವಳಿಗೆ ಒಬ್ಬ ಅಕ್ಕ ಇದ್ದಳು, ವಕೀಲೆ. ಗಂಡ, ಹೆಂಡತಿ, ಮಲ್ಲಿ ಮೂವರೂ ಹೋದರು. ವಕೀಲಮ್ಮನ ಕಚೇರಿ ಒಂದು ಜೆರಾಕ್ಸ್ ಅಂಗಡಿಯ ಮೇಲಿತ್ತು; ಕೆಳಗಿನ ಮಷಿನ್ ಓಡಿದಾಗೆಲ್ಲ ಮೇಜು ಸಣ್ಣಗೆ ನಡುಗುತ್ತಿತ್ತು. ಆಕೆ ಮೊದಲು ಮಲ್ಲಿಗೆ ಒಂದು ಲೋಟ ನೀರು ಕೊಟ್ಟು, ಆಮೇಲೆ ದೊಡ್ಡವರ ಕಡೆ ತಿರುಗಿದಳು.

"ನೋಡಿ, ಏಜೆನ್ಸಿಯವರು, ಗುತ್ತಿಗೆಯವರು, ಅದೆಲ್ಲ ಅವರವರ ಮನೆ ಗಲಾಟೆ. ಮಗು ಗೇಟ್ ಒಳಗೆ ಹೋದ್ಮೇಲೆ ಉತ್ತರ ಕೊಡಬೇಕಾದ್ದು ಶಾಲೆ. ಅದನ್ನ ನಾನು ವಾದ ಮಾಡ್ತೀನಿ. ನನಗಿರೋ ತೊಂದರೆ ಬೇರೆ. ಕೂದಲು ನೀವು ಯಾಕೆ ಕತ್ತರಿಸಿದ್ರಿ?"

"ಸರಿ ಮಾಡೋಕೆ ಮೇಡಂ."

"ಮಗು ಕೇಳ್ತಾ?"

ಹೆಂಡತಿ ಅವನ ಮುಖ ನೋಡುತ್ತಿದ್ದಳು. ಮಲ್ಲಿ ಲೋಟದ ಅಂಚಿನ ಮೇಲಿಂದ ನೋಡುತ್ತಿದ್ದಳು. ಅವನ ಬಾಯಿಂದ ತಂತಾನೇ ಬಂತು. "ಹೌದು ಮೇಡಂ. ಅಳ್ತಾ ಬಂದ್ಲು. ಅಪ್ಪ, ಸರಿ ಮಾಡು ಅಂದ್ಲು. ಹೆತ್ತ ಕರುಳು, ತಡೆಯೋಕಾಗ್ಲಿಲ್ಲ."

"ಹಾಗಿದ್ರೆ ಒಳ್ಳೇದು" ಎಂದು ವಕೀಲಮ್ಮ ಅದನ್ನೇ ಕೋರ್ಟಿಗೆ ಕೊಡುವ ಹೇಳಿಕೆಯಾಗಿ ಬರೆದುಕೊಂಡು ಅವನ ಸಹಿ ಹಾಕಿಸಿದಳು. ಹೆಂಡತಿಯ ಮುಖ ಎಷ್ಟೋ ದಿನದ ಮೇಲೆ ಸ್ವಲ್ಪ ಮೆತ್ತಗಾಯಿತು. "ಅಷ್ಟೂ ಹೇಳಬಾರದಿತ್ತಾ ನನಗೆ? ಸುಮ್ಮನೆ ಬೈದೆ" ಎಂದಳು. ಮಲ್ಲಿ ಲೋಟವನ್ನು ಮೇಜಿನ ಮೇಲಿಟ್ಟಳು. ಆ ದಿನದಿಂದ ಅವಳು ಅಪ್ಪನ ಹತ್ತಿರ ಬೇಕಾದ್ದಕ್ಕಷ್ಟೇ ಮಾತಾಡತೊಡಗಿದಳು. ಅಪ್ಪ, ನೀರು. ಅಪ್ಪ, ಬಾಗಿಲು. ಬೀದಿಯವರು "ಏನೇ ಮಾತಿನಮಲ್ಲಿ, ಬ್ಯಾಟರಿ ಮುಗೀತಾ?" ಎಂದರೆ ನಕ್ಕು ಒಳಗೆ ಹೋಗುತ್ತಿದ್ದಳು. ಶಾಲೆಯಲ್ಲಾದ ಆಘಾತ ಎಂದು ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಳು. ಮಾಸ್ಟರ್ ಹೌದೌದು ಎನ್ನುತ್ತಿದ್ದ.

ವಿಚಾರಣೆ ನಡೆದದ್ದು ದೊಡ್ಡ ಕೋರ್ಟ್ ಹಾಲಿನಲ್ಲಲ್ಲ, ಮಕ್ಕಳ ಪ್ರಕರಣಗಳಿಗೆಂದು ಇಟ್ಟ ಒಂದು ಕೋಣೆಯಲ್ಲಿ. ಮೂಲೆಯಲ್ಲಿ ಯಾರೋ ತಂದಿಟ್ಟ ಪ್ಲಾಸ್ಟಿಕ್ ಆನೆ, ಗೋಡೆಗೆ ಸುಣ್ಣದ ಹೊಸ ವಾಸನೆ. ವಯಸ್ಸಾದ ಜಡ್ಜ್ ಸಾಹೇಬರು ಎಲ್ಲರ ಮಟ್ಟದ ಕುರ್ಚಿಯಲ್ಲೇ ಕೂತಿದ್ದರು. ಪಿಟಿ ಮಿಸ್ ಕೆಲಸ ಬಿಟ್ಟು ಊರು ಬಿಟ್ಟಿದ್ದರಂತೆ, ಬಂದಿರಲಿಲ್ಲ. ಇಲಾಖೆಯ ವಕೀಲರ ತಲೆಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಬೇರೆ ದಿನವಾಗಿದ್ದರೆ ಮಾಸ್ಟರ್ ಹೆಂಡತಿಯ ಕಿವಿಯಲ್ಲಿ ಏನಾದರೂ ಉಸುರುತ್ತಿದ್ದ.

ಆ ವಕೀಲರು ಸಮಾಧಾನದ ದನಿಯಲ್ಲಿ ಮಾತಾಡಿದರು. "ಸ್ವಾಮಿ, ಮೊದಲನೇದಾಗಿ, ಆ ಶಿಕ್ಷಕಿ ಇಲಾಖೆಯ ನೌಕರರಲ್ಲ. ಎರಡನೇದು, ಮಗುವಿನ ಕೂದಲನ್ನ ಶಾಲೆಯಲ್ಲಿ ಕತ್ತರಿಸಿದ್ರು ಅನ್ನೋದಕ್ಕೆ ಆಧಾರವೇ ಇಲ್ಲ. ಮಾರನೇ ದಿನ ಎಲ್ಲರೂ ನೋಡಿದ್ದು ಒಳ್ಳೆ ಕಸುಬುದಾರನ ಕೈಕೆಲಸ. ಆ ಕಸುಬುದಾರ ಮಗುವಿನ ತಂದೆ. ಬೇಕಿದ್ರೆ ಹೆಡ್‌ಮೇಷ್ಟ್ರನ್ನ ಕೇಳಿ."

ಹೆಡ್‌ಮೇಷ್ಟ್ರು ಎದ್ದರು. ಮಾಸ್ಟರೇ ಬಣ್ಣ ಹಾಕಿದ ಮೀಸೆ ಇನ್ನೂ ಕಪ್ಪಗಿತ್ತು. "ಹಾಳಾಗಿದ್ದೇ ಗೊತ್ತಾಗಲ್ಲ ಅಂತ ಅವರ ಬಾಯಿಂದಲೇ ಹೇಳಿದ್ರು ಸಾರ್, ಅಂಗಡೀಲಿ."

ಹೆಂಡತಿ ತಿರುಗಿ ಅವನನ್ನು ನೋಡಿದಳು. ಅವನು ಆನೆಯನ್ನು ನೋಡಿದ.

ಜಡ್ಜ್ ಸಾಹೇಬರು ಮಲ್ಲಿಯನ್ನು ಹತ್ತಿರ ಕರೆದರು. "ಹೆದರ್ಬೇಡ ಮಗು. ಆವತ್ತು ನಿನ್ನ ಕೂದಲು ಯಾರು ಕತ್ತರಿಸಿದ್ರು?"

"ಬೆಳಗ್ಗೆನಾ, ಸಾಯಂಕಾಲನಾ?"

"ಎರಡೂ ಹೇಳು" ಎಂದರು ಜಡ್ಜ್.

"ಬೆಳಗ್ಗೆ ಪಿಟಿ ಮಿಸ್ಸು. ರಬ್ಬರ್ ಬ್ಯಾಂಡ್ ಕಿತ್ತೋಯ್ತು ಅಂತ. ಸಾಯಂಕಾಲ ಅಪ್ಪ. ಇಬ್ಬರಿಗೂ ಬೇಡ ಅಂದೆ. ಇಬ್ಬರೂ ಸುಮ್ನೆ ಕೂತ್ಕೋ ಅಂದ್ರು."

ಇಲಾಖೆಯ ವಕೀಲರು ಇದಕ್ಕೇ ಕಾಯುತ್ತಿದ್ದವರಂತೆ ಕಾಗದ ಎತ್ತಿದರು. "ತಂದೆಯ ಹೇಳಿಕೆ ಇಲ್ಲಿದೆ ಸ್ವಾಮಿ. ಮಗುವೇ ಅತ್ತು ಕೇಳಿಕೊಂಡಿತು, ಅದಕ್ಕೇ ಕತ್ತರಿಸಿದೆ ಅಂತ. ಮಗು ಬೇಡ ಅಂದೆ ಅನ್ನುತ್ತೆ. ಎರಡರಲ್ಲಿ ಒಂದು ಸುಳ್ಳು. ಹೆತ್ತ ತಂದೆ ಮೇಲೇ ಇಲ್ಲದ್ದು ಹೇಳೋ ಮಗು ಶಿಕ್ಷಕಿ ಮೇಲೆ ಹೇಳೋದಿಲ್ವಾ? ಅಪ್ಪನ ಮೇಲಿನ ಕೋಪ, ಪಾಪ, ಶಾಲೆ ಮೇಲೆ ತಿರುಗಿದೆ."

ವಕೀಲಮ್ಮ ಮಾಸ್ಟರಿನ ಕಡೆ ನೋಡಿದಳು. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ, ಅರ್ಥವಾಗಿಬಿಟ್ಟಿತ್ತು. ಜಡ್ಜ್ ಸಾಹೇಬರು ಅವನನ್ನು ಎದ್ದು ನಿಲ್ಲಲು ಹೇಳಿದರು.

"ಮಗು ಬೇಡ ಅಂತಾ?"

ಬೇಡ ಅನ್ನಲಿಲ್ಲ ಎಂದರೆ ಆಯಿತು. ಬರೆಸಿದ್ದು ಬರೆಸಿದ ಹಾಗೇ ಇರುತ್ತದೆ. ಅವನು ಮಗಳ ಕಣ್ಣೀರು ತಡೆಯಲಾರದ ತಂದೆಯಾಗಿಯೇ ಉಳಿಯುತ್ತಾನೆ. ಅವಳು ಚಿಕ್ಕವಳು, ಗಾಬರಿಯಲ್ಲಿ ಏನೋ ಹೇಳಿದಳು ಎಂದು ಎಲ್ಲರೂ ತಲೆ ಸವರುತ್ತಾರೆ. ಆಮೇಲೆ ಅವಳು ಬೆಳಗ್ಗೆಯ ಕತ್ತರಿಯ ಬಗ್ಗೆ ಹೇಳಿದ್ದನ್ನು ಯಾರೂ ನಂಬುವುದಿಲ್ಲ. ಅವನು ಬಾಯಿ ತೆರೆದ. ಮಲ್ಲಿ ಅವನತ್ತ ನೋಡುತ್ತಲೂ ಇರಲಿಲ್ಲ. ಅಪ್ಪ ಏನು ಹೇಳುತ್ತಾನೆಂದು ಅವಳಿಗೆ ಗೊತ್ತೇ ಇದೆ ಎನ್ನುವ ಹಾಗೆ ತನ್ನ ಶೂ ನೋಡಿಕೊಂಡು ನಿಂತಿದ್ದಳು. ಅದನ್ನು ನೋಡಿಯೇ ಅವನಿಗೆ ತಡೆಯದಾಯಿತು.

"ಅಂದ್ಲು ಸಾರ್. ಎರಡು ಸಲ ಅಂದ್ಲು. ಅಮ್ಮ ನೋಡ್ಲಿ ಅಂದ್ಲು. ನಾನೇ ಕೇಳ್ಲಿಲ್ಲ."

"ಮತ್ತೆ ಈ ಹೇಳಿಕೆ?"

"ಸುಳ್ಳು ಬರೆಸಿದೆ. ಮೇಡಂಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲ."

"ಬೇಡ ಅಂದ ಮೇಲೂ ಯಾಕೆ ಕತ್ತರಿಸಿದ್ರಿ?"

ಅವನು ಒಂದು ದೊಡ್ಡ ಕಾರಣಕ್ಕಾಗಿ ತಡಕಾಡಿದ. ಸಿಗಲಿಲ್ಲ. "ಅಂಗಡೀಲಿ ಜನ ನಗ್ತಿದ್ರು ಸಾರ್" ಎಂದ. ಆ ಮಾತು ಹೊರಗೆ ಬಂದ ಮೇಲೆ ಎಷ್ಟು ಸಣ್ಣದಾಗಿತ್ತೆಂದರೆ, ಅದನ್ನು ಬಾಯೊಳಗೆ ವಾಪಸು ತುರುಕಿಕೊಳ್ಳೋಣ ಅನ್ನಿಸಿತು.

ಇಲಾಖೆಯ ವಕೀಲರು ಕೈ ಚೆಲ್ಲಿದರು. "ಇಂಥವರ ಮಾತಿನ ಮೇಲೆ ಸ್ವಾಮಿ, ಒಂದು ಸರ್ಕಾರಿ ಶಾಲೆಯನ್ನ..."

"ಅವರು ಸುಳ್ಳು ಹೇಳಿದ್ದು ಬರೆದುಕೊಳ್ಳಿ" ಎಂದು ಜಡ್ಜ್ ಗುಮಾಸ್ತನಿಗೆ ಹೇಳಿದರು. "ಮಗು ನಿಜ ಹೇಳಿದ್ದನ್ನೂ ಬರೆದುಕೊಳ್ಳಿ." ಆಮೇಲೆ ಹೆಡ್‌ಮೇಷ್ಟ್ರ ಕಡೆ ತಿರುಗಿದರು. "ಈ ಮನುಷ್ಯ ತನ್ನ ಅಂಗಡಿಯಲ್ಲಿ ಆದದ್ದು ಹೇಳಿದ. ನಿಮ್ಮ ಶಾಲೆಯಲ್ಲಿ ಆದದ್ದು ನೀವು ಹೇಳಿ."

"ನಾನು ನೋಡ್ಲಿಲ್ಲ ಸಾರ್."

"ಮಗುವಿನ ತಾಯಿ ಮಾರನೇ ದಿನವೇ ಬಂದು ಹೇಳಿದ್ರಲ್ಲ. ಆ ಶಿಕ್ಷಕಿಯನ್ನ ಕರೆದು ಕೇಳಿದ್ರಾ?"

"ಏಜೆನ್ಸಿಯವರಿಗೆ ಸಂಬಂಧಪಟ್ಟದ್ದು ಅಂತ..."

"ಆಟದ ಸಾಮಾನಿನ ಕೋಣೆಯ ಬೀಗದ ಕೈ ಆಕೆಗೆ ಏಜೆನ್ಸಿಯವರು ಕೊಟ್ರಾ?"

"ಇಲ್ಲ ಸಾರ್. ಶಾಲೆ ಕೊಟ್ಟಿದ್ದು."

"ಮಕ್ಕಳನ್ನ?"

ಹೆಡ್‌ಮೇಷ್ಟ್ರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ಅದೂ ಶಾಲೆನೇ ಸಾರ್" ಎಂದರು.

ಜಡ್ಜ್ ಸಾಹೇಬರು ಗುಮಾಸ್ತನಿಗೆ ಹೇಳಿ ಬರೆಸತೊಡಗಿದರು. ಸಂಬಳ ಯಾರ ಮೂಲಕ ಬರುತ್ತದೆ ಎಂಬುದು ಮಗುವಿಗೆ ಸಂಬಂಧಿಸಿದ್ದಲ್ಲ. ಶಾಲೆಯ ಆವರಣದಲ್ಲಿ ಶಾಲೆ ಯಾರ ಕೈಗೆ ಮಗುವನ್ನು ಒಪ್ಪಿಸಿತೋ ಆ ಕೈ ಮಾಡಿದ್ದಕ್ಕೆ ಶಾಲೆ ಮತ್ತು ಇಲಾಖೆಯೇ ಹೊಣೆ. ದೂರು ಬಂದ ಮೇಲೂ ವಿಚಾರಿಸದ ಮುಖ್ಯೋಪಾಧ್ಯಾಯರು ಅದಕ್ಕೆ ಪ್ರತ್ಯೇಕವಾಗಿ ಉತ್ತರಿಸಬೇಕು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಬರೆಸುವುದು ಮುಂದುವರಿಯಿತು. ಅದೇ ದಿನ ತಂದೆಯೂ ಮಗುವಿನ ಇಚ್ಛೆಗೆ ವಿರುದ್ಧವಾಗಿ ಉಳಿದ ಕೂದಲನ್ನು ಕತ್ತರಿಸಿ, ನಂತರ ಆ ಬಗ್ಗೆ ಸುಳ್ಳು ಹೇಳಿಕೆ ನೀಡಿರುವುದು ವಿಷಾದನೀಯ. ಗುಮಾಸ್ತನ ಬೆರಳು ಅದನ್ನೂ ಅದೇ ವೇಗದಲ್ಲಿ ಟೈಪು ಮಾಡಿತು.

ಹೊರಗೆ ಮೆಟ್ಟಿಲ ಹತ್ತಿರ ವಕೀಲಮ್ಮ ಫೈಲು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತ, "ಸುಳ್ಳು ಹೇಳೋ ಕಕ್ಷಿದಾರರನ್ನ ಬೇಕಾದಷ್ಟು ನೋಡಿದೀನಿ. ನಡುವೆ ನಿಲ್ಲಿಸಿದವರು ಕಡಿಮೆ" ಎಂದಳು. ಅವನು ಕೈ ಮುಗಿಯಲು ಹೋದಾಗ, "ಬೇಡ. ನಿಮ್ಮ ಮೇಲೆ ನನಗೆ ಸಿಟ್ಟು ಹೋಗಿಲ್ಲ" ಎಂದು ಹೊರಟುಹೋದಳು.

ಹೆಂಡತಿ ಒಂದೇ ಕೇಳಿದಳು. "ನಿಜವಾಗ್ಲೂ ಅವಳು ನಾನು ಬರ್ಲಿ ಅಂದ್ಲಾ ಆವತ್ತು?"

"ಹೂಂ."

ಅವಳು ಮುಂದೆ ನಡೆದಳು. ಬಸ್ಸಿನಲ್ಲಿ ಬೇಕೆಂದೇ ಮುಂದಿನ ಹೆಂಗಸರ ಸೀಟಿಗೆ ಹೋಗಿ ಕೂತಳು. ಮಲ್ಲಿಯೂ ಹಿಂದೆಯೇ ಹೋಗುವಳೆಂದು ಮಾಸ್ಟರ್ ಅಂದುಕೊಂಡಿದ್ದ. ಅವಳು ಬಂದು ಅವನ ಪಕ್ಕದ ಕಿಟಕಿಯ ಹತ್ತಿರ ಕೂತಳು. ಕೂದಲು ಈಗ ಕಿವಿ ದಾಟಿ ಕತ್ತಿನ ಮೇಲೆ ಅಡ್ಡಾದಿಡ್ಡಿ ಬೆಳೆದಿತ್ತು. ಅದನ್ನು ಒಪ್ಪ ಮಾಡಲೇ ಎಂದು ಕೇಳುವ ಧೈರ್ಯ ಅವನಿಗೆ ಇಷ್ಟು ದಿನ ಬಂದಿರಲಿಲ್ಲ, ಇವತ್ತೂ ಬರಲಿಲ್ಲ.

"ಅಪ್ಪ."

"ಏನ್ ಮಲ್ಲಿ?"

"ನೀನು ಇವತ್ತೂ ಸುಳ್ಳೇ ಹೇಳ್ತೀಯ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ."

ಅವಳು ಕಿಟಕಿಯಿಂದ ಅವನ ಕಡೆ ತಿರುಗಿದಳು. "ಪಿಟಿ ಮಿಸ್ಸು ಸಾರಿ ಕೇಳ್ಲೇ ಇಲ್ಲ, ಅಲ್ವಾ?"

"ಇಲ್ಲ ಮರಿ. ಬರಲೇ ಇಲ್ವಲ್ಲ ಅವರು."

"ಹೆಡ್‌ಮೇಷ್ಟ್ರೂ ಕೇಳ್ಲಿಲ್ಲ."

"ಇಲ್ಲ."

"ನೀನೂ ಕೇಳ್ಲಿಲ್ಲ."

ಬಸ್ಸು ತುಂಬಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು, ದಾರಿಗೆ ಅಡ್ಡ ಚೀಲ ಇಟ್ಟುಕೊಂಡ ಒಬ್ಬ ಮುದುಕ, ಕಂಬಿಗೆ ಆತುಕೊಂಡು ನಿಂತಿದ್ದ ಕಂಡಕ್ಟರ್. ಮಾಸ್ಟರ್ ಬಾಯಿ ತೆರೆಯುವ ಮುಂಚೆ ಅವರನ್ನೆಲ್ಲ ಒಂದು ಸುತ್ತು ನೋಡಿದ. ನೋಡಿದ್ದು ತನಗೇ ಗೊತ್ತಾಯಿತು. ಮುಖ ಬಿಸಿಯೇರಿತು.

"ತಪ್ಪಾಯ್ತು ಮಲ್ಲಿ" ಎಂದ. ಬಸ್ಸಿನ ಸದ್ದಿಗೆ ದನಿ ಬೇಕಾದ್ದಕ್ಕಿಂತ ಏರಿತು. ಮುದುಕ ತಿರುಗಿ ನೋಡಿದ. ಕಂಡಕ್ಟರೂ ನೋಡಿದ. "ನೀನು ಬೇಡ ಅಂದೆ. ನಾನು ನಿಲ್ಲಿಸ್ಬೇಕಿತ್ತು."

ಮಲ್ಲಿ ಕಿಟಕಿಯ ಸರಳಿಗೆ ಹಣೆ ಒತ್ತಿದಳು.

"ಯಾರ್ಯಾರಿದಾರೆ ಅಂತ ಎಲ್ಲ ಕಡೆ ನೋಡಿ ಆಮೇಲೆ ಹೇಳ್ದೆ ನೀನು" ಎಂದಳು.

"ಹೌದು" ಎಂದ ಅವನು. ಕಂಡಕ್ಟರ್ ಇನ್ನೂ ಇತ್ತಲೇ ನೋಡುತ್ತಿದ್ದ.